ಪರದೆಗೆ ಬಿದ್ದ ಬೀಗ

"ಒದಿಲಿಯಾ, ಈ ಹೊದಿಕೆ ನಿನ್ನ ಮದುವೆಗೆ ಅಂತ ಹೆಣೆದಿದ್ದು. ನೀನು ಮದುವೆ ಆಗ್ತೀಯೋ, ಇಲ್ಲ ನಿನ್ನ ತಂಗಿಗೆ ಕೊಟ್ಬಿಡ್ಲೋ?"

ತುನ್ಹಾ ಊರಿನ ಗ್ರಂಥಾಲಯದ ಓದುಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆ ಮೌನದ ನಡುವೆ ಒಂದು ಲ್ಯಾಪ್‌ಟಾಪ್ ಹೀಗೆ ಕೂಗುತ್ತಿತ್ತು.

ಸಾಕ್ಷ್ಯಚಿತ್ರಗಳಿಗೆ ಅಡಿಬರಹ ಬರೆಯುವ ಒದಿಲಿಯಾ ನೀರು ಕುಡಿಯಲು ಎದ್ದಿದ್ದಳು. ಇಯರ್‌ಫೋನ್ ಕಿತ್ತು, ಪರದೆ ಲಾಕ್ ಮಾಡಿಯೇ ಹೋಗಿದ್ದಳು. ಆದರೆ ಮನೆಯಿಂದ ಬ್ರಿಹಿದಾ ಚಿಕ್ಕಮ್ಮ ಕಳಿಸಿದ ಧ್ವನಿ ಸಂದೇಶಗಳು ಒಂದರ ಹಿಂದೊಂದು ತಾವಾಗಿಯೇ ಶುರುವಾಗುತ್ತವೆ ಎಂಬುದು ಪಾಪ, ಅವಳಿಗೆ ಹೊಳೆದಿರಲಿಲ್ಲ.

ಓಡಿ ಬಂದಳು. ಅವಸರದಲ್ಲಿ ಪಾಸ್‌ವರ್ಡ್ ತಪ್ಪಿತು... ಮತ್ತೆ ತಪ್ಪಿತು. ಪತ್ರಿಕೆ ಓದುತ್ತಿದ್ದ ಮುದುಕರೆಲ್ಲ ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಬೇಕೆಂಬಂತೆ ಅವಳ ಮುಖವನ್ನೇ ನೋಡುತ್ತಿದ್ದರು.

ಆಗ ಪಕ್ಕದಲ್ಲಿ ಬಂದು ನಿಂತವನು ಓದುಕೋಣೆಯ ಉಸ್ತುವಾರಿ ಎಲಿಯೆಸೆರ್. ಅವನು ಗದರಲಿಲ್ಲ. ನಗು ತಡೆಯಲು ಪಡುತ್ತಿದ್ದ ಪಾಡು ಮಾತ್ರ ಎದ್ದು ಕಾಣುತ್ತಿತ್ತು.

"ಹೊದಿಕೆ ಚೆನ್ನಾಗಿದ್ರೆ ಬಿಟ್ಕೊಡ್ಬೇಡಿ, ಸುಮೆರ್ಸೆ," ಎಂದ ಮೆಲ್ಲಗೆ.

ಸುಮೆರ್ಸೆ! ಆ ಸೀಮೆಯಲ್ಲಿ ಆಲೂಗಡ್ಡೆ ಮಾರುವವಳೂ ಗಿರಾಕಿಯನ್ನು ಹಾಗೆಯೇ ಕರೆಯುತ್ತಾಳೆ. ಗೌರವ, ಅಕ್ಕರೆ ಎರಡೂ ಅದರಲ್ಲೇ ಬಂದುಬಿಡುತ್ತವೆ. ಆದರೂ ಒದಿಲಿಯಾಳ ಕಿವಿ ಕೆಂಪಾಯಿತು. 'ಮಾರ್ಕೆಟ್ಟಿನಲ್ಲಿ ದಿನಾ ಕೇಳುವ ಮಾತು ತಾನೇ... ಇವನ ಬಾಯಲ್ಲಿ ಯಾಕೆ ಹೀಗೆ?'

ಅಂದೇ ಅವನು ಅವಳ ಲ್ಯಾಪ್‌ಟಾಪಿಗೆ ಒಂದು ಪುಟ್ಟ ಏರ್ಪಾಡು ಮಾಡಿಕೊಟ್ಟ. ಪರದೆಗೆ ಬೀಗ ಬಿದ್ದೊಡನೆ ಸದ್ದು ಬಂದ್. ಬೀಗ ತೆರೆದರೆ ಸದ್ದು ವಾಪಸ್. ಇನ್ನು ಚಿಕ್ಕಮ್ಮನ ಬಾಯಿಯೂ ನಿಮ್ಮ ಕೈಯಲ್ಲಿ ಎಂದು ತಮಾಷೆ ಮಾಡಿದ. ಒದಿಲಿಯಾ ನಕ್ಕಳು. ಹಾಗೆ ಶುರುವಾದದ್ದು ಕರಿ ಕಾಫಿಗೆ ಬೆಳೆಯಿತು, ಚೌಕದ ಮೂಲೆಯ ಬಿಸಿ ಚೀಸ್ ಬನ್ನಿಗೆ ಬೆಳೆಯಿತು. ಕೊನೆಗೆ ಸಂಜೆಯ ವೀಡಿಯೊ ಕರೆಗೂ ಬಂದು ನಿಂತಿತು. ಕರೆ ಚಾಲೂ ಇಟ್ಟುಕೊಂಡು ಅವಳು ತನ್ನ ಮನೆಯಲ್ಲಿ, ಅವನು ತನ್ನ ಮನೆಯಲ್ಲಿ ತಮ್ಮ ತಮ್ಮ ಕೆಲಸ ಮಾಡುತ್ತ ಕೂರುತ್ತಿದ್ದರು. ಮಾತು ಕಡಿಮೆ. ಜೊತೆ ಮಾತ್ರ ಬೇಕಿತ್ತು.

ಎಲಿಯೆಸೆರ್ ತಿಪ್ಲೆ ಎಂಬ ತಂತಿವಾದ್ಯ ನುಡಿಸುತ್ತಿದ್ದ. ನಿಮ್ಮ ಕಿಟಕಿಯ ಕೆಳಗೆ ಹಾಡಬೇಕಾದರೆ ಎಲ್ಲಿ ನಿಲ್ಲಬೇಕು ಎಂದು ಒಮ್ಮೆ ಕೇಳಿದ್ದ. ಅವಳ ಕೋಣೆ ಒಳಾಂಗಳಕ್ಕೆ ಮುಖ ಮಾಡಿತ್ತು. ಬೀದಿಗಿದ್ದದ್ದು ಅದೇ ಮನೆಯಲ್ಲಿ ಬಾಡಿಗೆಗಿದ್ದ ದಂತವೈದ್ಯನ ಕಿಟಕಿ.

"ಬೀದೀಲಿ ನಿಂತು ಹಾಡಿದ್ರೆ ದೀಪ ಹಚ್ಚೋದು ದಂತವೈದ್ಯರೇ," ಎಂದಿದ್ದಳು ಒದಿಲಿಯಾ. ಮತ್ತೆ ಲ್ಯಾಪ್‌ಟಾಪಿನ ಅಂಚು ತಟ್ಟಿ, "ನನಗಿರೋ ಕಿಟಕಿ ಇದೊಂದೇ," ಎಂದಿದ್ದಳು.

ಮನಸ್ಸಾದ ಹುಡುಗಿಯ ಕಿಟಕಿಯ ಕೆಳಗೆ ನಿಂತು ಹಾಡುವುದು ಆ ಸೀಮೆಯ ಪದ್ಧತಿ; ಹಾಡಿಗೆ ದೀಪ ಹಚ್ಚಿದರೆ ಹುಡುಗಿ ಒಪ್ಪಿದಳೆಂದು ಅರ್ಥ. ಕಿಟಕಿ ಕತ್ತಲಾದರೆ ವಾದ್ಯ ಎತ್ತಿಕೊಂಡು ಮಾತಿಲ್ಲದೆ ಮನೆಗೆ ನಡೆಯಬೇಕು, ಕಾರಣ ಕೇಳುವಂತಿಲ್ಲ. ಹಾಡುವವನ ಮರ್ಯಾದೆ ಅದು.

ಒಂದು ಶುಕ್ರವಾರ ಎಲ್ಲವೂ ಕೆಟ್ಟಿತು. ಅಂದು ಸಂಜೆ ಕರೆ ಇದ್ದಕ್ಕಿದ್ದಂತೆ ಕಡಿದುಹೋಯಿತು, ಮರುದಿನದಿಂದ ಎಲಿಯೆಸೆರ್ ಬೇರೆಯೇ ಮನುಷ್ಯ. "ನಮಸ್ಕಾರ, ಸೆನ್ಯೊರಿತಾ." "ಪುಸ್ತಕ ಇಲ್ಲಿದೆ, ಸೆನ್ಯೊರಿತಾ." ಗುರುತಿಲ್ಲದ ಹುಡುಗಿಯರನ್ನು ಕರೆಯುವ ಹಾಗೆ ಬರೀ ಸೆನ್ಯೊರಿತಾ; ಸುಮೆರ್ಸೆ ಎಲ್ಲಿ ಹೋಯಿತೋ! ಒದಿಲಿಯಾ ಊಟ ಬಿಟ್ಟಳು, ಚಿಕ್ಕಮ್ಮನ ಮೇಲೆ ಸಿಡುಕಿದಳು. 'ನಾನೇನು ಮಾಡಿದೆ? ಒಂದು ಮಾತು ಹೇಳಬಾರದೇ...'

ಕೊನೆಗೆ ಗ್ರಂಥಾಲಯದ ಕಾಫಿ ಹುಡುಗಿಯಿಂದ ಸುದ್ದಿ ಬಂತು. ದೂರದ ಪಾಸ್ತೊ ಊರಿನಲ್ಲಿ ಎಲಿಯೆಸೆರ್‌ಗೆ ಕೆಲಸ ಸಿಕ್ಕಿದೆ. ಇಂದು ಸಂಜೆಯೊಳಗೆ ಫೋನ್ ಮಾಡಿ ಒಪ್ಪಿಗೆ ಹೇಳುತ್ತಾನಂತೆ.

ಒದಿಲಿಯಾ ನೇರವಾಗಿ ಅವನ ಮೇಜಿನ ಮುಂದೆ ಹೋಗಿ ನಿಂತಳು. ಕಣ್ಣು ತುಂಬಿತ್ತು, ಆದರೆ ಸ್ವರ ಗಟ್ಟಿಯಾಗಿತ್ತು.

"ಹೋಗೋದಾದ್ರೆ ಹೋಗಿ. ಯಾಕೆ ಅಂತ ಹೇಳಿ ಹೋಗಿ."

"ಕೇಳೋ ಪದ್ಧತಿ ಇಲ್ಲ, ಸೆನ್ಯೊರಿತಾ. ನಿಮ್ಮ ದೀಪ ಉತ್ತರ ಕೊಟ್ಟಾಯ್ತಲ್ಲ."

"ಯಾವ ದೀಪ?"

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಶುಕ್ರವಾರ ಅವಳು ಎದ್ದುಹೋದ ಮೇಲೆ ಪರದೆಯಲ್ಲಿ ಅವಳ ಖಾಲಿ ಕುರ್ಚಿ, ಉರಿಯುವ ಮೇಜಿನ ದೀಪ ಕಾಣುತ್ತಿದ್ದವು. ಕಿಟಕಿ ಕೆಳಗೆ ನಿಂತವನಿಗೂ ಹುಡುಗಿ ಕಾಣುವುದಿಲ್ಲವಲ್ಲ ಎಂದುಕೊಂಡು ತಿಪ್ಲೆ ಎತ್ತಿಕೊಂಡು ಹಾಡಿದ್ದ. ಹಾಡು ಮುಗಿಯುವ ಮೊದಲೇ ಅವಳ ಕೈ ಬಂದು ಉರಿಯುತ್ತಿದ್ದ ದೀಪವನ್ನು ಆರಿಸಿತ್ತು; ಅವನು ಕರೆ ಕಡಿದು ಎದ್ದಿದ್ದ.

ಒದಿಲಿಯಾಗೆ ಆ ಸಂಜೆ ನೆನಪಾಯಿತು. ಸೂಪು ಉಕ್ಕೀತೆಂದು ಅಡುಗೆಮನೆಗೆ ಓಡಿದ್ದು, ರೂಢಿಯಂತೆ ಪರದೆ ಲಾಕ್ ಮಾಡಿದ್ದು, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಯಾಕೆ ಎಂದು ಚಿಕ್ಕಮ್ಮ ಬೈದದ್ದು... ದೀಪ ಆರಿಸಲು ತಾನೇ ಕಪ್ಪು ಪರದೆಯ ಪಕ್ಕದಲ್ಲಿ ಕೈ ಚಾಚಿದ್ದಳು. ಒಂದು ಸ್ವರವೂ ಕೇಳಿಸಿರಲಿಲ್ಲ!

"ಕರೆ ನಡೀತಾ ಇತ್ತು, ಕ್ಯಾಮೆರಾನೂ ಇತ್ತು," ಎಂದಳು ನಿಧಾನವಾಗಿ. "ಪರದೆಗೆ ಬೀಗ ಬಿದ್ದಿತ್ತು, ಎಲಿಯೆಸೆರ್. ಬೀಗ ಬಿದ್ರೆ ಸದ್ದು ಬಂದ್ ಆಗೋ ಹಾಗೆ ಮಾಡಿದ್ದು ಯಾರು?"

ಅವನ ಮುಖದ ಬಣ್ಣ ಹೋಗಿ ಮತ್ತೆ ಬಂತು. ತನ್ನ ಹಾಡಿನ ಬಾಯನ್ನು ತಾನೇ ಕಟ್ಟಿದ್ದನಲ್ಲ. ಕೂದಲಿಗೆ ಕೈ ಹಾಕಿಕೊಂಡ.

ಒದಿಲಿಯಾ ತನ್ನ ಜಾಗಕ್ಕೆ ಹೋದಳು. ನಡುಮಧ್ಯಾಹ್ನ, ಎತ್ತರದ ಕಿಟಕಿಗಳಿಂದ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ಆ ಬಿಸಿಲಿನಲ್ಲೇ ಅವಳು ಓದುದೀಪದ ಗುಂಡಿ ಒತ್ತಿದಳು.

ಹಳದಿ ದೀಪ ಹೊತ್ತಿಕೊಂಡಿತು.

ಮುದುಕರ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಅವರ ಕಾಲದಲ್ಲಿ ಅವರೂ ಕಿಟಕಿಗಳ ಕೆಳಗೆ ನಿಂತವರೇ; ಹಗಲು ಹೊತ್ತಿನ ಆ ದೀಪದ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಒಬ್ಬರು ತಲೆಯ ಮೇಲಿನ ಹ್ಯಾಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಎಲಿಯೆಸೆರ್ ಬಂದು ಅವಳ ಎದುರು ಕುಳಿತ. ದೀಪದ ಬೆಳಕಿನಲ್ಲಿ ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಪಾಸ್ತೊಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ," ಎಂದ. "ಆದ್ರೆ ನನ್ನ ಹಾಡು ನೀವಿನ್ನೂ ಕೇಳೇ ಇಲ್ವಲ್ಲ, ಸುಮೆರ್ಸೆ."

"ಹಾಡಾಗಿದೆ," ಎಂದಳು ಒದಿಲಿಯಾ. "ದೀಪ ಹಚ್ಚೋಕೆ ನಾನೇ ತಡ ಮಾಡ್ದೆ."