ಸ್ಪಿಟ್‌ಫೈರ್ ಇಳಿಯುವವರೆಗೆ

"ನಿಲ್ಸಿ! ಬ್ರೇಕ್ ಹಿಡೀರಿ!"

ಹೆಸ್ಟರ್ ಕಿರುಚುತ್ತಾ ಪಕ್ಕಕ್ಕೆ ಹಾರಿದಳು. ಸ್ಪಿಟ್‌ಫೈರ್ ಯುದ್ಧವಿಮಾನ ಅವಳ ಸ್ಪ್ಯಾನರ್ ಪೆಟ್ಟಿಗೆಯನ್ನು ಅಪ್ಪಚ್ಚಿ ಮಾಡಿ ನಿಂತಿತು.

ಕೆಳಗಿಳಿದ ಅಮೆರಿಕನ್ ಪೈಲಟ್ ಆರಿನ್ ಟೇಟ್‌ನ ಮುಖ ಬಿಳಿಚಿಕೊಂಡಿತ್ತು. "ಕಾಲಲ್ಲಿ ಜೋರಾಗೇ ಒತ್ತಿದೆ... ನಮ್ಮ ವಿಮಾನಗಳಲ್ಲಿ ಬ್ರೇಕ್ ಅಲ್ಲೇ ಇರತ್ತೆ!"

"ಇದು ಇಂಗ್ಲೆಂಡಿನ ವಿಮಾನ ಸ್ವಾಮಿ, ಬ್ರೇಕ್ ಕೈಯಲ್ಲಿರತ್ತೆ! ಜರ್ಮನ್ನರ ಕೆಲಸಾನ ನೀವೇ ಮುಗಿಸಿಕೊಡ್ತೀರಾ?"

ಅವನು ನಕ್ಕುಬಿಟ್ಟ. ಮೆಕ್ಯಾನಿಕ್ ಹೆಸ್ಟರ್‌ಗೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ನಿಂತ ವಿಮಾನದಲ್ಲೇ ಅವನಿಗೆ ಹೆಸ್ಟರ್‌ಳ ಪಾಠ. ಕಣ್ಣು ಮುಚ್ಚಿ ಬ್ರೇಕ್ ಹುಡುಕಬೇಕು. ಬರೀ ಪಾಠ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದರು, ಏರ್‌ಫೀಲ್ಡಿನಲ್ಲಿ ಯಾರೂ ನಂಬುತ್ತಿರಲಿಲ್ಲ!

ಅವನು ಮೊದಲ ಬಾರಿ ಯುದ್ಧಕ್ಕೆ ಹಾರುವ ಬೆಳಿಗ್ಗೆ ಸಾರ್ಜೆಂಟ್ ಪ್ರ್ಯಾಟ್ ಬಂದ. "ನಾಳೆಯಿಂದ ನೀನು ಬೇರೆ ವಿಮಾನ ನೋಡ್ಕೊಳಮ್ಮ. ಟೇಟ್ ಸಾಹೇಬ್ರೇ ಕೇಳಿದ್ದು."

ಹೆಸ್ಟರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ನನ್ನ ಬಾಯಿಯೇ ನನಗೆ ಶತ್ರು... ಸಾಕಾಗಿರಬೇಕು ಅವನಿಗೆ.

ತಲೆಯೆತ್ತದೆ ಅವನ ಸೀಟ್ ಬೆಲ್ಟ್ ಬಿಗಿದಳು.

"ಹೆಸ್ಟರ್, ಒಂದು ಮಾತು..."

"ಎಂಜಿನ್ ಕಾಯ್ತಿದೆ. ಹೊರಡಿ."

ವಿಮಾನಗಳು ಸಮುದ್ರದಾಚೆ ಮರೆಯಾದವು. ಮಧ್ಯಾಹ್ನ ಒಂದೊಂದಾಗಿ ಮರಳಿದವು. ಆರಿನ್‌ನ ಜಾಗ ಮಾತ್ರ ಖಾಲಿ! ‘ಹೊರಡಿ’ ಅಂದಿದ್ದೇ ಕೊನೆಯ ಮಾತಾಯಿತೇ, ದೇವರೇ?

"ಪೆಟ್ರೋಲ್ ಯಾವಾಗಲೋ ಮುಗಿದಿರತ್ತೆ ಕಣಮ್ಮ. ಬಾ, ಟೀ ಕುಡಿ," ಎಂದ ಪ್ರ್ಯಾಟ್.

"ಬರಲ್ಲ."

ಅವನು ನಿಟ್ಟುಸಿರಿಟ್ಟ. "ಇದಕ್ಕೇ ಟೇಟ್ ಸಾಹೇಬ್ರು ಹೆದರಿ ನಿನ್ನ ಬೇರೆ ವಿಮಾನಕ್ಕೆ ಹಾಕಿಸಿದ್ದು. ಹಿಂದಿನ ಪೈಲಟ್ ಬರದಿದ್ದಾಗ ನೀನು ಇಲ್ಲೇ ಕಲ್ಲಿನ ಹಾಗೆ ನಿಂತಿದ್ಯಲ್ಲ, ಅದನ್ನ ಯಾರೋ ಹೇಳಿದ್ರು. ‘ನನಗೋಸ್ಕರ ಅವಳು ಹಾಗೆ ನಿಲ್ಲೋದು ಬೇಡ’ ಅಂದ್ರು."

ಹೆಸ್ಟರ್ ಹುಲ್ಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಆಗ ಗೇಟಿನೊಳಗೆ ಮೀನಿನ ಲಾರಿಯೊಂದು ನುಗ್ಗಿತು. ಕೈಗೆ ಬಟ್ಟೆ ಸುತ್ತಿಕೊಂಡ ಆರಿನ್ ಅದರಿಂದ ಇಳಿದ!

"ಪೆಟ್ರೋಲ್ ಮುಗೀತು... ಬಟಾಣಿ ಹೊಲದಲ್ಲಿ ಇಳಿಸಿದೆ. ವಿಮಾನ ಹಾಳಾಯ್ತು. ಕ್ಷಮಿಸಿ ಹೆಸ್ಟರ್."

ಅವಳು ಓಡಿ ಹೋಗಿ ಅವನ ಜಾಕೆಟ್ ಹಿಡಿದಳು. "ಬೇರೆ ವಿಮಾನ ಕೊಟ್ರೆ ನಾನು ಕಾಯಲ್ಲ ಅಂದ್ಕೊಂಡ್ರಾ? ನಾನೇನು ವಿಮಾನಕ್ಕೆ ಕಾಯ್ತಿದ್ನಾ?"

"ಮತ್ತೆ?"

"ಪೆದ್ದ! ನಿನಗೆ ಕಣೋ... ನಿನ್ನ ಪ್ರೀತಿಸ್ತೀನಿ."

ಅವನು ಗಾಯದ ಕೈಯಲ್ಲೇ ಅವಳನ್ನು ಅಪ್ಪಿಕೊಂಡ. ಮೀನಿನ ವಾಸನೆ ಇಬ್ಬರಿಗೂ ಗೊತ್ತಾಗಲಿಲ್ಲ.

"ನಾನೂ ಅಷ್ಟೇ ಹೆಸ್ಟರ್. ಆದ್ರೆ ಕೈ ವಾಸಿಯಾದ ಮೇಲೆ ಮತ್ತೆ ಹಾರಬೇಕು..."

"ಹಾರು," ಎಂದಳು, ಅವನ ಎದೆಗೆ ಮುಖ ಒತ್ತಿ. "ನಾನು ಕಾಯ್ತಾ ನಿಲ್ಲೋದನ್ನ ಮಾತ್ರ ಬೇಡ ಅನ್ನಬೇಡ."