ನುರೆಲ್ ನಡೆದ ದಿನ

ಬೆಗಾಯಿಮ್ ಟ್ಯಾಬ್ ಮೇಲೆ ಬೆರಳು ಒತ್ತಿದಳು. ಸದ್ದಿಲ್ಲ. ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಕಿಟಕಿಯ ಸ್ಪೀಕರ್ ನಿಧಾನಕ್ಕೆ ‘ಟಿಂಗ್’ ಎಂದಿತು.

“ಅಯ್ಯೋ, ಬೆಳಿಗ್ಗೆ ಸರಿಯಾಗೇ ಇತ್ತಲ್ಲ!”

ಅವಳ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಪಿಯಾನೋ ಕೀಗಳು ಮಾತ್ರ ಇದ್ದವು. ಸದ್ದು ಹೊರಡುವುದು ಕಿಟಕಿಯ ಬಳಿ ಸ್ಪೀಕರ್‌ಗೆ ಸಿಕ್ಕಿಸಿದ್ದ ಇನ್ನೊಂದು ಟ್ಯಾಬ್‌ನಿಂದ. ನಡುವೆ ವೈರ್ ಇಲ್ಲ, ಬರೀ ವೈಫೈ.

ಇವತ್ತು ನಡೆಯಲು ಕಲಿಯುತ್ತಿರುವ ಪುಟ್ಟ ತಮ್ಮ ನುರೆಲ್‌ನ ಎರಡೂ ಕಾಲಿಗೆ ಸೇರಿಸಿ ಕಟ್ಟಿದ ಕಪ್ಪು-ಬಿಳಿ ದಾರ ಕತ್ತರಿಸುವ ಹಬ್ಬ. ಮಕ್ಕಳು ಓಟ ಓಡುತ್ತಾರೆ, ಗೆದ್ದವರು ದಾರ ಕತ್ತರಿಸುತ್ತಾರೆ, ಮಗು ಹೆಜ್ಜೆ ಇಡುತ್ತದೆ. ಆಗ ತಮ್ಮನ ಪಕ್ಕದಲ್ಲೇ ನಡೆಯುತ್ತ ತಾನು ಹಾಡು ಬಾರಿಸಬೇಕು ಎಂದು ಬೆಗಾಯಿಮ್ ಮೂರು ವಾರದಿಂದ ಒಂದೇ ಸಮನೆ ಅಭ್ಯಾಸ ಮಾಡಿದ್ದಳು. ಮನೆಯವರ ಕಿವಿ ತೂತಾಗುವುದೊಂದು ಬಾಕಿ.

ಬಾಗಿಲಲ್ಲಿ ಅಜ್ಜಿ ನೆಂಟರನ್ನು ಕರೆಯುತ್ತಿದ್ದರು. “ಬನ್ನಿ ಬನ್ನಿ, ಒಂದ್ ತುಂಡು ರೊಟ್ಟಿ ಮುರೀರಿ. ವೈಫೈ ಬೇಕಾ? ಪಾಸ್‌ವರ್ಡ್ ಗೋಡೆ ಮೇಲೆ ಬರ್ದಿದೆ ನೋಡಿ.”

“ಅಜ್ಜೀ, ಎಲ್ರೂ ಹಾಕ್ಕೊಂಡ್ರೆ ನನ್ ಹಾಡು ಲೇಟಾಗತ್ತೆ! ಆಫ್ ಮಾಡಿ ಅನ್ನು.”

“ಸುಮ್ನಿರೇ! ಮನೆಗ್ ಬಂದೋರಿಗೆ ಇಲ್ಲ ಅಂತಾರಾ ಯಾರಾದ್ರೂ? ನನ್ ಮರ್ಯಾದೆ ಏನಾಗ್ಬೇಕು?”

ಬೆಗಾಯಿಮ್ ಸುಮ್ಮನಿರುವ ಹುಡುಗಿಯಲ್ಲ. ಮೆಲ್ಲಗೆ ಒಳಗೆ ಹೋಗಿ ಪಾಸ್‌ವರ್ಡನ್ನೇ ಬದಲಾಯಿಸಿಬಿಟ್ಟಳು. ಈಗ ವೈಫೈ ಇರುವುದು ಅವಳ ಎರಡು ಟ್ಯಾಬ್‌ಗಳಿಗೆ ಮಾತ್ರ.

ಒತ್ತಿದಳು. ಟಿಂಗ್! ತಕ್ಷಣ ಬಂತು. ಅವಳು ಕುಣಿಯುತ್ತ ಅಂಗಳಕ್ಕೆ ಓಡಿದಳು.

ಅಲ್ಲಿ ಚಿನಾರಾ ಚಿಕ್ಕಮ್ಮ ವಿಡಿಯೋ ಕಾಲ್ ಕಡಿದುಹೋದ ಫೋನನ್ನು ಮೇಲಕ್ಕೆ ಹಿಡಿದು ಒದ್ದಾಡುತ್ತಿದ್ದಳು. “ಅಪ್ಪ ಹೋಗ್ಬಿಟ್ರಲ್ಲ! ಈಗಷ್ಟೇ ಕಾಣ್ತಿದ್ರು. ಈ ಹಾಳು ಊರಲ್ಲಿ ಸಿಗ್ನಲ್ಲೇ ಇಲ್ಲ!”

ಬೆಗಾಯಿಮ್‌ಗೆ ಹೊಳೆಯಿತು: ಇದು ತಾನು ಪಾಸ್‌ವರ್ಡ್ ಬದಲಿಸಿದ್ದಕ್ಕೇ ಆದದ್ದು. ಚಿಕ್ಕಮ್ಮ ಅಪ್ಪ ಎಂದದ್ದು ಅಜ್ಜನನ್ನು; ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ ಅವರು ಬಿಷ್ಕೆಕ್‌ನ ಆಸ್ಪತ್ರೆಯಲ್ಲಿದ್ದರು. ಮಲಗಿದಲ್ಲೇ ಈ ದಾರ ಹೊಸೆದು ಕಳಿಸಿದವರೂ ಅವರೇ.

“ಓಡ್ರೋ!” ಯಾರೋ ಕೂಗಿದರು. ಓಟ ಶುರುವಾಯಿತು. ಅಮ್ಮ ನುರೆಲ್‌ನನ್ನು ಕಂಬಳಿಯ ಮೇಲೆ ನಿಲ್ಲಿಸಿಕೊಂಡಿದ್ದಳು.

ಪಾಸ್‌ವರ್ಡ್ ಸರಿಮಾಡಲು ಹೊತ್ತಿರಲಿಲ್ಲ. ಬೆಗಾಯಿಮ್ ಒಮ್ಮೆ ಕಿಟಕಿಯ ಸ್ಪೀಕರ್ ಕಡೆ ನೋಡಿದಳು. ಅಳು ಬಂತು. ಆದರೂ ಪಿಯಾನೋ ಮುಚ್ಚಿ ಅದೇ ಟ್ಯಾಬ್‌ನಿಂದ ಅಜ್ಜನಿಗೆ ವಿಡಿಯೋ ಕಾಲ್ ಮಾಡಿದಳು.

“ಅಜ್ಜಾ, ಕಾಣ್ತಿದೆಯಾ?”

“ಕಾಣ್ತಿದೆ ಕಣೇ ಬಂಗಾರ! ನನ್ ಕಾಲಂತೂ ಇಲ್ಲಿ ಕಟ್ಟಿಟ್ಟಿದ್ದಾರೆ, ಅವನ್ದಾದ್ರೂ ಬಿಚ್ರೋ ಬೇಗ!”

ಕಚಕ್! ದಾರ ತುಂಡಾಯಿತು. ಬೆಗಾಯಿಮ್ ತಮ್ಮನ ಮುಂದೆ ಟ್ಯಾಬ್ ಹಿಡಿದು ಹಿಂದೆ ಹಿಂದೆ ಸರಿದಳು. ಅದರಲ್ಲಿ ಅಜ್ಜನ ಗಡ್ಡ ಕಂಡದ್ದೇ ತಡ, ನುರೆಲ್ ಕೈ ಚಾಚಿ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಮತ್ತೊಂದು. ರೊಟ್ಟಿಯ ಬೆಣ್ಣೆ ಮೆತ್ತಿದ ಕೈಯಿಂದ ಪರದೆಯಲ್ಲಿದ್ದ ಅಜ್ಜನ ಮೂಗಿನ ಮೇಲೆ ಟಪ್ಪನೆ ಹೊಡೆದ. ಅಜ್ಜ ನಗುತ್ತಲೇ ಕಣ್ಣು ಒರೆಸಿಕೊಂಡರು.

ಎಲ್ಲರೂ ಊಟಕ್ಕೆ ಕೂತಾಗ ಚಿಕ್ಕಮ್ಮ ಕೇಳಿದಳು: “ಅಲ್ಲ ಕಣೇ, ನಿನ್ ಹಾಡು ಬಾರಿಸ್ಲೇ ಇಲ್ವಲ್ಲೇ?”

“ಹೌದಲ್ಲ!” ಎಂದಳು ಬೆಗಾಯಿಮ್. ಅವಳಿಗೂ ಆಗಲೇ ನೆನಪಾದದ್ದು.

ಅವಳು ಎದ್ದು, ಪಾಸ್‌ವರ್ಡ್ ಸರಿಮಾಡಲು ಒಳಗೆ ಹೋದಳು. ಟ್ಯಾಬ್ ಮೇಲಿನ ಬೆಣ್ಣೆ ಕೈಯ ಗುರುತನ್ನು ಮಾತ್ರ ಒರೆಸಲಿಲ್ಲ.