ರೂಫ್ ಬಟ್ಟೆ ಅಂಟಿಸಿದ ಭಾನುವಾರ

“ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು. ಆ ಕಡೆ ಹಿಡ್ಕೊಳ್ಳೋಕೆ ಇನ್ನೊಬ್ರು ಬೇಕು,” ಎಂದು ಗಂಡ ಫೋನ್ ಮಾಡಿದ್ದ. ಅದಕ್ಕೇ ಬಂದೆ. ಬೇರೆ ಯಾವ ಘನಕಾರ್ಯಕ್ಕೂ ಅಲ್ಲ.

ಕಾರಿನ ಒಳಗೆ ಮೇಲ್ಗಡೆಯ ಬಟ್ಟೆ ಅಂಟು ಬಿಟ್ಟು, ಹಿಂದೆ ಕೂತವರ ತಲೆಗೆ ತಾಗುವಷ್ಟು ಜೋತುಬಿದ್ದಿತ್ತು. ಕಾರನ್ನು ಮಾರಿಬಿಡುವುದೆಂದು ಇಬ್ಬರೂ ಒಪ್ಪಿದ್ದೆವು. ಕೊಳ್ಳುವವರು ಸಂಜೆಗೆ ಬರುವವರಿದ್ದರು. ನಮ್ಮಿಬ್ಬರದು ಅಂತ ಉಳಿದಿದ್ದ ಕೊನೆಯ ವಸ್ತು ಅದು. ಅದೂ ಹೋದರೆ ಈ ಬೀದಿಗೆ ಕಾಲಿಡಲು ನನಗೆ ನೆಪವೇ ಇರಲಿಲ್ಲ.

ಹಾಗಂತ ದುಃಖವಾಗುತ್ತಿತ್ತು ಎಂದಲ್ಲ. ನಿಜ ಹೇಳಬೇಕೆಂದರೆ ನನಗೆ ಏನೂ ಆಗುತ್ತಿರಲಿಲ್ಲ. ಅಪ್ಪ ತೀರಿಹೋದ ಮೇಲೆ ಒಳಗೆಲ್ಲ ಜೋಮು ಹಿಡಿದ ಹಾಗಿತ್ತು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ನಾನು ಮಂಕಾಗಿ ಕೂರುತ್ತಿದ್ದೆ. ಇವನು ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ. ನಾಲ್ಕು ದಿನ ಇದ್ದು ಬರುತ್ತೇನೆಂದು ಅಕ್ಕನ ಮನೆಗೆ ಹೋದೆ. ಕರೆಯಲು ಇವನು ಬರಲಿಲ್ಲ, ನಾನಾಗಿ ಬರಲಿಲ್ಲ, ಹೀಗೇ ವರ್ಷ ಉರುಳಿತು. ಜಗಳವಾದರೂ ಆಡಿದ್ದರೆ ಅಕ್ಕನ ಹತ್ತಿರ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ಅವನು ಮನೆ ಮುಂದಿನ ಶೆಡ್ಡಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

“ಬಂದ್ಯಾ?”

“ಕಾಣ್ತಿಲ್ವಾ?”

“ಕಾಣ್ತಿದೆ. ಸಣ್ಣಗಾಗಿದೀಯ.”

“ಬಟ್ಟೆ ಎಲ್ಲಿ?”

ಬೂದಿ ಬಣ್ಣದ, ಹಿಂದೆ ತೆಳ್ಳಗೆ ಸ್ಪಂಜು ಇರುವ ಬಟ್ಟೆ ತಂದಿದ್ದ. ನಾನು ರವಿಕೆ ಹೊಲಿಯುವವಳು, ಕೈ ಸುಮ್ಮನಿರುತ್ತದೆಯೇ? ಎಳೆದು ನೋಡಿದೆ. “ಇದು ಒಂದೇ ಕಡೆ ಹಿಗ್ಗತ್ತೆ. ಅಡ್ಡಕ್ಕೆ ಹಾಕಿದ್ರೆ ಕೆಟ್ಟೆ.”

“ನೀನು ಬರ್ತೀಯಲ್ಲ ಅಂತ ನೋಡದೆ ತಂದೆ,” ಎಂದ.

ಒಳಗೆ ಬಗ್ಗಿ ನೋಡಿದೆ. ಜೋತುಬಿದ್ದ ಬಟ್ಟೆಗೆ ಉದ್ದಕ್ಕೂ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದ. ಕೆಂಪು, ಹಳದಿ, ಬಿಳಿ ತಲೆಯವು.

“ಇವು ನನ್ನವಲ್ವಾ?”

“ನೀನು ಡಬ್ಬಿ ಬಿಟ್ಟು ಹೋಗಿದ್ದೆ.”

“ಬಿಟ್ಟು ಹೋಗಿದ್ದನ್ನೆಲ್ಲ ತಲೆ ಮೇಲೆ ಚುಚ್ಚಿ ಇಟ್ಕೋತೀಯಾ?”

ಅವನು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದ. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಮದುವೆಗೆ ಮುಂಚೆ ಆ ಮೂಲೆ ನೋಡಲೆಂದೇ ನಾನು ಅವನ ಕನ್ನಡಕದಂಗಡಿಗೆ ಹೋಗಿ, ಸರಿಯಾಗಿದ್ದ ಫ್ರೇಮನ್ನು ಸಡಿಲವಾಗಿದೆ ಎಂದು ಕೊಡುತ್ತಿದ್ದೆ. ಆ ಹುಡುಗಿ ಯಾರೋ ಬೇರೆ ಅನ್ನಿಸಿತು.

ಕೆಲಸ ಶುರುವಾಯಿತು. ಬಿಸಿಲು ತಡೆಯುವ ಪಟ್ಟಿ, ಹಿಡಿಗಳು, ನಡುವಿನ ಲೈಟು ಎಲ್ಲ ಬಿಚ್ಚಿದ. ಲೈಟಿನ ವೈರು ಅಡ್ಡ ಬರಬಾರದೆಂದು ಅದನ್ನು ಮೇಲಿನ ತಗಡಿಗೆ ಕಪ್ಪು ಟೇಪಿನಿಂದ ಅಂಟಿಸಿದ. ಮೇಲ್ಗಡೆಯ ಬಟ್ಟೆ ಅಂಟಿಸಿದ್ದ ಹಲಗೆಯನ್ನು ಇಬ್ಬರೂ ಆ ತುದಿ ಈ ತುದಿ ಹಿಡಿದು ಡಿಕ್ಕಿಯಿಂದ ಹೊರಗೆ ಎಳೆದೆವು. ಅರ್ಧ ಬಂದಿದ್ದಾಗ ಅದು ನನ್ನ ಕೈ ಜಾರಿತು.

“ಲೋ, ಹಿಡ್ಕೊಳ್ಳೋ, ಬೀಳ್ತಿದೆ,” ಎಂದೆ.

ಹಿಡಿದುಕೊಂಡ. ಅವನ ಕಿವಿ ಕೆಂಪಾಯಿತು. ‘ಲೋ’ ಅಂದು ವರ್ಷವೇ ಆಗಿತ್ತಲ್ಲ.

ಬಾಲ್ಕನಿಯಲ್ಲಿದ್ದ ಅತ್ತೆ ಕೆಳಗೆ ಬಗ್ಗಿದರು. “ಇಬ್ಬರಲ್ಲಿ ಒಬ್ರಿಗಾದ್ರೂ ಬಾಯಿ ಬಂತಲ್ಲ, ಸದ್ಯ,” ಎಂದು ಯಾರಿಗೋ ಹೇಳುವಂತೆ ಹೇಳಿ ಒಳಗೆ ಹೋದರು.

ಹಲಗೆಯನ್ನು ಚಾಪೆಯ ಮೇಲೆ ಮಲಗಿಸಿ, ಹಳೆಯ ಬಟ್ಟೆ ಕಿತ್ತು, ಉಳಿದ ಸ್ಪಂಜನ್ನು ಉಜ್ಜಿ ತೆಗೆದೆವು. ಮುಟ್ಟಿದರೆ ಪುಡಿಪುಡಿ. ಅವನ ರೆಪ್ಪೆಯ ಮೇಲೆಲ್ಲ ಹಿಟ್ಟಿನ ಹಾಗೆ ಕೂತಿತ್ತು. ಅವನ ಕೈ ನನ್ನ ತಲೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು.

“ಕೂದಲಲ್ಲಿ ಪುಡಿ ಇದೆ. ತೆಗೀಲಾ?”

“ಕೈ ತೊಳ್ದಿದೀಯಾ?”

“ಇಲ್ಲ.”

“ಹಾಗಾದ್ರೆ ಬೇಡ.”

ಕೈ ಹಿಂದಕ್ಕೆ ಹೋಯಿತು. ತೆಗೆಯಲಿ ಎಂದು ನನಗೆ ಅನ್ನಿಸಿತ್ತೇ? ಅನ್ನಿಸಿರಬೇಕು. ಖಾತ್ರಿಯಿರಲಿಲ್ಲ.

ಹಲಗೆಗೂ ಬಟ್ಟೆಗೂ ಅಂಟು ಹೊಡೆದು ಆಚೆಗೊಬ್ಬರು ಈಚೆಗೊಬ್ಬರು ಕೂತೆವು.

“ಹೊಡೆದ ತಕ್ಷಣ ಒತ್ತಬಾರದಂತೆ. ಬೆರಳಿಗೆ ಹತ್ತದಷ್ಟು ಆರಬೇಕಂತೆ,” ಎಂದ. “ಅವಸರ ಮಾಡಿದ್ರೆ ಮತ್ತೆ ಜೋತುಬೀಳತ್ತೆ ಅಂತ ಸೀಟ್ ಕವರ್ ಅಂಗಡಿಯವ್ರು ಹೇಳಿದ್ರು.”

“ನಿನಗೆ ಅವರು ಬೇರೆ ಹೇಳ್ಕೊಡಬೇಕಾ? ನನ್ನನ್ನ ವರ್ಷವಿಡೀ ಆರೋಕೆ ಬಿಟ್ಟೋನು ನೀನು.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

“ನೀನಾಗೇ ಮಾತಾಡೋವರೆಗೂ ಕೆದಕಬಾರದು ಅಂದ್ಕೊಂಡೆ. ಅಪ್ಪ ಹೋಗಿದಾರೆ, ನಾನೇನು ಹೇಳಿದ್ರೂ ತಪ್ಪಾಗತ್ತೆ ಅನ್ನಿಸ್ತು.”

“ನಾನು ನಿನಗೆ ಬೇಡವಾದೆ ಅಂದ್ಕೊಂಡೆ. ಕರೆಯೋಕೂ ಬರ್ಲಿಲ್ಲ ನೀನು.”

“ಬಂದಿದ್ದೆ. ನಿಮ್ಮಕ್ಕನ ಬೀದಿ ತಿರುವಿನವರೆಗೂ. ನೀನು ಮಹಡಿ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಆರಾಮಾಗಿರೋ ಹಾಗೆ ಕಂಡಿತು. ವಾಪಸ್ ಹೋದೆ.”

“ಬಟ್ಟೆ ಒಣಗಿಸೋರೆಲ್ಲ ಆರಾಮಾಗಿರ್ತಾರೇನೋ, ದಡ್ಡ?”

ಸಿಟ್ಟು ಬರಬೇಕಿತ್ತು, ಇಲ್ಲವೇ ಅಳು. ಎರಡೂ ಬರಲಿಲ್ಲ. ಬೆರಳಿನಿಂದ ಅಂಟು ಮುಟ್ಟಿ ನೋಡಿದೆ. ಆರಿತ್ತು.

ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಹೋದೆವು. ಸುಕ್ಕು ಕಂಡಲ್ಲಿ ಅವನು ನಿಲ್ಲುತ್ತಿದ್ದ, ನಾನು ಎಳೆದು ಸರಿಮಾಡುತ್ತಿದ್ದೆ. ಹಿಂದೆಯೂ ನಾವು ಹೀಗೇ, ಮಾತಿಲ್ಲದೆ ಹಾಸಿಗೆ ಹಾಸುತ್ತಿದ್ದೆವು. ಒಂದು ಸಲ ಅವನ ಕಿರುಬೆರಳು ನನ್ನ ಕೈಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ, ಒತ್ತುವುದನ್ನೂ ನಿಲ್ಲಿಸಲಿಲ್ಲ.

ಬ್ಲೇಡಿನಲ್ಲಿ ಲೈಟಿನ ಜಾಗ ಕತ್ತರಿಸಿ ಹಲಗೆಯನ್ನು ಒಳಗೆ ತೂರಿಸಿದೆವು. ನಾನು ಹಿಂದಿನ ಸೀಟಿನಲ್ಲಿ, ಅವನು ಮುಂದೆ, ಇಬ್ಬರೂ ಕೈ ಮೇಲೆತ್ತಿ ಹಲಗೆ ಹೊತ್ತಿದ್ದೆವು. ಆಗ ಅವನ ಭುಜದ ಮೇಲೆ, ಹಲಗೆಗೂ ತಗಡಿಗೂ ನಡುವಿನ ಸಂದಿಯಲ್ಲಿ ನನಗೆ ಕಂಡಿತು. ಲೈಟಿನ ವೈರು ಇನ್ನೂ ತಗಡಿಗೇ ಅಂಟಿಕೊಂಡಿತ್ತು. ಹಲಗೆ ಕೂರಿಸಿಬಿಟ್ಟರೆ ಅದು ಬೆರಳಿಗೆ ಸಿಗುವ ಹಾಗಿರಲಿಲ್ಲ. ಎಲ್ಲ ಮತ್ತೆ ಬಿಚ್ಚಬೇಕು.

ಹೇಳಲೆಂದು ಬಾಯಿ ತೆರೆದೆ. ಮುಚ್ಚಿಕೊಂಡೆ. ಲೈಟು ಹತ್ತದಿದ್ದರೆ ಇವತ್ತು ಕಾರು ಹೋಗುವುದಿಲ್ಲ. ಬಿಚ್ಚಲು ಮತ್ತೆ ಇಬ್ಬರು ಬೇಕು. ಮುಂದಿನ ಭಾನುವಾರ ನಾನು ಬರಬೇಕಾಗುತ್ತದೆ. ಬರಬೇಕು ಅನ್ನಿಸಿತು. ಈ ವರ್ಷದಲ್ಲಿ ನನಗೆ ಬೇಕು ಅನ್ನಿಸಿದ್ದು ಅದೊಂದೇ.

“ಸರಿಯಾಗಿದೆಯಾ?” ಎಂದು ಕೇಳಿದ.

“ಸರಿಯಾಗಿದೆ,” ಎಂದೆ.

ಹಿಡಿ, ಪಟ್ಟಿ ಎಲ್ಲ ಹಾಕಿ ಮುಗಿಸಿದ. ಕೊನೆಗೆ ಲೈಟನ್ನು ಕೈಯಲ್ಲಿ ಹಿಡಿದುಕೊಂಡು ಕೂತ.

“ವೈರು ಮೇಲೇ ಉಳೀತು,” ಎಂದ.

ಅವನ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಸಾಸಿವೆಯಂಥ ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೆ ಊಟ ಸೇರದ ಮನುಷ್ಯ ಅವನು.

“ನೀನು ಮೊದಲೇ ನೋಡಿದ್ದೆ,” ಎಂದೆ.

“ನೀನೂ ನೋಡಿದ್ದೆ. ಬಾಯಿ ತೆರೆದು ಮುಚ್ಕೊಂಡಿದ್ದು ಕನ್ನಡಿಯಲ್ಲಿ ಕಾಣಿಸ್ತು.”

“ಹೇಳ್ಬೇಕಿತ್ತು ತಾನೆ?”

“ಹೇಳಿದ್ರೆ ಇವತ್ತೇ ಮುಗಿದು ಹೋಗ್ತಿತ್ತು.” ಲೈಟನ್ನು ಕೈಯಲ್ಲೇ ಒಮ್ಮೆ ತಿರುಗಿಸಿದ. “ನೀನಿಲ್ಲದೆ ನಂಗಾಗಲ್ಲ ಕಣೇ. ಅವತ್ತೇ ಮಹಡಿ ಹತ್ತಿ ಬಂದು ಹೇಳ್ಬೇಕಿತ್ತು.”

ನಾನು ಉತ್ತರಿಸುವಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಕಾರು ಕೊಳ್ಳುವವರು ಮನೆ ಬಿಟ್ಟಿದ್ದರು.

“ಸಾರ್, ಲೈಟಿಂದು ಸ್ವಲ್ಪ ಕೆಲಸ ಇದೆ. ಮುಂದಿನ ವಾರ…” ಎಂದು ನನ್ನ ಮುಖ ನೋಡಿದ.

ಮುಂದಿನ ವಾರ, ಆಮೇಲೆ ಅದರ ಮುಂದಿನ ವಾರ. ಮುಂದೂಡುವುದರಲ್ಲಿ ನಾವಿಬ್ಬರೂ ಎತ್ತಿದ ಕೈ. ನನಗೆ ಭಯವಾಯಿತು.

“ಮುಂದಿನ ವಾರ ಅಲ್ಲ. ಕೊಡಲ್ಲ ಅನ್ನು,” ಎಂದೆ.

ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

“ಸಾರ್, ಕಾರು ಕೊಡ್ತಿಲ್ಲ… ರೇಟಿನ ವಿಷಯ ಅಲ್ಲ ಸಾರ್. ನನ್ನ ಹೆಂಡತಿ ಬೇಡ ಅಂತಿದಾಳೆ.”

ಆ ಮಾತು ಹೇಳುವಾಗ ಅವನ ದನಿ ಒಡೆಯಿತು. ಚಿವುಟಿದರೂ ಗೊತ್ತಾಗದಿದ್ದ ನನಗೆ ಚೆನ್ನಾಗಿಯೇ ನೋವಾಯಿತು. ಆ ಕಡೆಯಿಂದ ಏನೋ ಕೇಳಿದರು. ಅವನು ಲೈಟನ್ನು ಸೀಟಿನ ಮೇಲಿಟ್ಟು, ಕೈ ಹಿಂದಕ್ಕೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡ.

“ಹೌದು ಸಾರ್,” ಎಂದ. “ಇಲ್ಲೇ ಇದಾಳೆ.”